ನಾಲ್ಕನೆಯ ಪೆಟ್ಟಿಗೆಯ ಮೆದುಳು

ಎಲ್ಲ ಅನಾಹುತಕ್ಕೂ ಕಾರಣ ಒಂದು ಪದ. ಆ ಪದವನ್ನು ಆರಿಸಿಕೊಟ್ಟವರು ಸ್ವತಃ ಕಡತರಾಯರೇ ಆದ್ದರಿಂದ ಅವರು ಬೇರೆ ಯಾರನ್ನೂ ಬೈಯುವಂತಿರಲಿಲ್ಲ. ಬೈಯಲು ಜನ ಸಿಗದ ಸಿಟ್ಟು ಬಹಳ ಕೆಟ್ಟದ್ದು. ಅದು ಹೊಟ್ಟೆಯೊಳಗೇ ಕೂತು ಸಾಕಿದವನನ್ನೇ ತಿನ್ನುತ್ತದೆ.

ಕಡತರಾಯರು ಅನ್ನುವುದು ಹೆತ್ತವರು ಇಟ್ಟ ಹೆಸರಲ್ಲ. ಇಪ್ಪತ್ತೆರಡು ವರ್ಷದಿಂದ ಒಂದೇ ಆಸ್ಪತ್ರೆಯ ದಾಖಲೆ ಕೋಣೆಯಲ್ಲಿ ಕೂತು ರೋಗಿಗಳ ಕಡತ ಕಾದಿದ್ದಕ್ಕೆ ಆಸ್ಪತ್ರೆಯವರು ಕೊಟ್ಟ ಬಿರುದು. ಆ ಕೋಣೆ ಇದ್ದದ್ದು ನೆಲಮಾಳಿಗೆಯಲ್ಲಿ, ಮೆಟ್ಟಿಲ ಬುಡದಲ್ಲಿ. ಕಿಟಕಿ ಇರಲಿಲ್ಲ. ಹೊರಗೆ ಮಳೆಯೋ ಬಿಸಿಲೋ ಎಂಬುದನ್ನು ಅವರು ಮೇಲಿನಿಂದ ಇಳಿದು ಬರುವವರ ಚಪ್ಪಲಿ ನೋಡಿ ತಿಳಿದುಕೊಳ್ಳುತ್ತಿದ್ದರು. ಈಗ ಆಸ್ಪತ್ರೆಯಲ್ಲಿ ಮುಖ್ಯ ದಾಖಲಾಧಿಕಾರಿ ಎಂಬ ಹೊಸ ಹುದ್ದೆ ಹುಟ್ಟಿತ್ತು. ಅದಕ್ಕೆ ಎರಡನೇ ಮಹಡಿಯಲ್ಲಿ ಒಂದು ಕೋಣೆ, ಆ ಕೋಣೆಗೊಂದು ಕಿಟಕಿ. ರಾಯರು ಮೂರು ಸಲ ಯಾರಿಗೂ ಹೇಳದೆ ಹೋಗಿ ಆ ಕಿಟಕಿಯನ್ನು ತೆಗೆದು, ಮುಚ್ಚಿ, ಮತ್ತೆ ತೆಗೆದು ನೋಡಿ ಬಂದಿದ್ದರು. ಹೊರಗೆ ಒಂದು ಮರ ಕಾಣುತ್ತಿತ್ತು. ಸಂಬಳ ಎಷ್ಟು ಹೆಚ್ಚುತ್ತದೆ ಎಂದು ಹೆಂಡತಿ ಕೇಳಿದಾಗ ಅವರಿಗೆ ಗೊತ್ತಿರಲಿಲ್ಲ, ಮರದ ಬಗ್ಗೆ ಮಾತ್ರ ಹೇಳಿದ್ದರು.

ಆ ಹುದ್ದೆಗೆ ಇದ್ದದ್ದು ಇಬ್ಬರೇ ಅಭ್ಯರ್ಥಿಗಳು. ಒಬ್ಬರು ರಾಯರು, ಇನ್ನೊಬ್ಬರು ಆಸ್ಪತ್ರೆಯ ಹತ್ತಿ, ಬ್ಯಾಂಡೇಜು, ಹಾಸಿಗೆ ಹೊದಿಕೆಗಳ ಲೆಕ್ಕ ನೋಡುವ ಉಗ್ರಾಣಿ. ಸಂದರ್ಶನ ಈ ಗುರುವಾರ ಸಂಜೆ ನಾಲ್ಕು ಗಂಟೆಗೆ. ಅದನ್ನು ನಡೆಸಲು ಮೆದುಳಿನ ಕಾಯಿಲೆಗಳಲ್ಲಿ ಬಹಳ ದೊಡ್ಡ ಹೆಸರು ಮಾಡಿದ ಹಿರಿಯ ತಜ್ಞರೊಬ್ಬರು ಬರುವವರಿದ್ದರು. ಅವರು ಆಸ್ಪತ್ರೆಯ ಆಡಳಿತ ಮಂಡಳಿಯಲ್ಲೂ ಇದ್ದರು. ಅವರ ಮಾತಿಗೆ ಎದುರಾಡಿದವರು ಆ ಊರಲ್ಲಿ ಇನ್ನೂ ಹುಟ್ಟಿರಲಿಲ್ಲ.

ಇನ್ನು ಆ ಪದದ ಕತೆ. ಒಂದು ತಿಂಗಳ ಹಿಂದೆ ಆಸ್ಪತ್ರೆಗೆ ಹೊಸ ಎಂ.ಆರ್.ಐ. ಯಂತ್ರ ಬಂದಿತ್ತು. ತಲೆಯನ್ನು ಕೊಯ್ಯದೆ, ಕೂದಲೂ ಕೊಂಕದೆ, ಒಳಗಿನ ಮೆದುಳನ್ನು ಹೋಳುಹೋಳಾಗಿ ಚಿತ್ರ ತೆಗೆದು ಕೊಡುವ ಯಂತ್ರ. ಜನರಿಗೆ ತಿಳಿವಳಿಕೆ ಬರಲಿ ಎಂದು ಸೂಪರಿಂಟೆಂಡೆಂಟರು ಹೊರರೋಗಿಗಳ ಪಡಸಾಲೆಯ ಗೋಡೆಗೆ ನಾಲ್ಕು ಗಾಜಿನ ಪೆಟ್ಟಿಗೆ ಕೂರಿಸಿ, ಒಳಗೆ ದೀಪ ಹಾಕಿಸಿ, ನಾಲ್ಕು ಮೆದುಳಿನ ಫಿಲ್ಮ್ ಅಂಟಿಸಲು ಹೊರಟರು. ಮೊದಲನೆಯದು ಪಾರ್ಶ್ವವಾಯು ಬಡಿದ ಮೆದುಳು, ಎರಡನೆಯದು ಗಡ್ಡೆ ಬೆಳೆದ ಮೆದುಳು, ಮೂರನೆಯದು ಮರೆವಿನ ರೋಗದ ಮೆದುಳು. ನಾಲ್ಕನೆಯದು ಏನೂ ಕಾಯಿಲೆ ಇಲ್ಲದ ನಾರ್ಮಲ್ ಮೆದುಳು. ಇದನ್ನು ಕನ್ನಡದಲ್ಲಿ ಏನೆನ್ನಬೇಕು ಎಂದು ಒಂದು ಸಭೆ ನಡೆಯಿತು.

"ಸಹಜ ಮೆದುಳು ಅಂತ ಹಾಕಿ," ಎಂದರು ಉಗ್ರಾಣಿ.

ಉಗ್ರಾಣಿ ಏನಂದರೂ ಅದಕ್ಕೊಂದು ಕೊಕ್ಕೆ ಹಾಕುವುದು ರಾಯರ ಹಳೆಯ ಅಭ್ಯಾಸ. "ಸಹಜ ಅಂದ ತಕ್ಷಣ ಜನಕ್ಕೆ ಸಹಜ ಸಾವು ನೆನಪಾಗುತ್ತೆ. ಆಸ್ಪತ್ರೆ ಗೋಡೆ ಮೇಲೆ ಅದು ಬೇಡ. ಸಾಧಾರಣ ಮೆದುಳು ಅಂತಿರಲಿ. ತೂಕ ಇದೆ ಆ ಪದಕ್ಕೆ," ಎಂದು ಅರ್ಧ ಗಂಟೆ ವಾದಿಸಿ ಗೆದ್ದರು. ಸೂಪರಿಂಟೆಂಡೆಂಟರಿಗೆ ಬಹಳ ಸಂತೋಷವಾಯಿತು. ಆ ಸಂತೋಷದಲ್ಲಿ, "ಇಷ್ಟು ಆಸಕ್ತಿ ಇರೋರು ನೀವೇ ಯಾಕೆ ಯಂತ್ರದೊಳಗೆ ಮಲಗಬಾರದು? ನಾಲ್ಕನೇ ಪೆಟ್ಟಿಗೆಗೆ ನಮಗೊಂದು ಆರೋಗ್ಯವಾಗಿರೋ ಮೆದುಳು ಬೇಕಲ್ಲ," ಎಂದರು.

ಹೀಗೆ ಕಡತರಾಯರು ಯಂತ್ರದೊಳಗೆ ಮಲಗಿದರು. ಇಪ್ಪತ್ತು ನಿಮಿಷ ಅಲುಗಾಡಬಾರದು ಎಂದು ಸ್ಕ್ಯಾನ್ ಮಾಡುವಾತ ಎರಡೆರಡು ಸಲ ಹೇಳಿದ. "ಇಪ್ಪತ್ತೆರಡು ವರ್ಷ ಅಲುಗಾಡದೆ ಕೂತಿದೀನಿ, ಇಪ್ಪತ್ತು ನಿಮಿಷ ಯಾವ ಲೆಕ್ಕ," ಎಂದು ರಾಯರು ಕಣ್ಣು ಮುಚ್ಚಿದರು. ಯಂತ್ರ ಟಕಟಕ ಕುಟ್ಟತೊಡಗಿತು. ಆಮೇಲೆ ಏನಾಯಿತೆಂದು ಅವರಿಗೆ ಅಷ್ಟು ಸ್ಪಷ್ಟವಾಗಿ ನೆನಪಿಲ್ಲ.

ಗುರುವಾರ ಬೆಳಿಗ್ಗೆ ಒಂಬತ್ತಕ್ಕೆ, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದ ರಾಯರಿಗೆ ಪಡಸಾಲೆಯಲ್ಲಿ ನಾಲ್ಕೂ ಪೆಟ್ಟಿಗೆಗಳು ಬೆಳಗುತ್ತಿದ್ದುದು ಕಂಡಿತು. ನಾಲ್ಕನೆಯದರ ಮುಂದೆ ನಿಂತರು. ಬೂದು ಬಣ್ಣದ, ಮಡಿಕೆ ಮಡಿಕೆಯಾದ, ಅಂಚು ಕೂಡ ಚೊಕ್ಕವಾದ ಮೆದುಳು. ಫಿಲ್ಮಿನ ಮೂಲೆಯಲ್ಲಿ ಪುಟ್ಟದಾಗಿ '೧' ಎಂಬ ಸಂಖ್ಯೆ. ಮೊದಲನೇ ನಂಬರೇ ನನಗೆ ಕೊಟ್ಟಿದ್ದಾರೆ ಎಂದು ಅವರ ಎದೆ ಉಬ್ಬಿತು. ಕೆಳಗಿನ ಹಲಗೆಯಲ್ಲಿ ದಪ್ಪಕ್ಷರದಲ್ಲಿ 'ಸಾಧಾರಣ ಮೆದುಳು' ಎಂದೂ, ಅದರಡಿ ಸಣ್ಣಕ್ಷರದಲ್ಲಿ 'ನೆರವು: ದಾಖಲೆ ಕೋಣೆ' ಎಂದೂ ಬರೆದಿತ್ತು.

ಸಭೆಯಲ್ಲಿ ಅಷ್ಟು ತೂಕವಾಗಿ ಕೇಳಿಸಿದ್ದ ಪದ ಗೋಡೆಯ ಮೇಲೆ ಯಾಕೋ ಬೇರೆ ಥರ ಕಂಡಿತು. ಪಕ್ಕದ ಬೆಂಚಿನಲ್ಲಿ ಚೀಟಿ ಹಿಡಿದು ಕೂತಿದ್ದ ಅಜ್ಜಿಯೊಬ್ಬಳು ಕೇಳಿದಳು, "ಇದಕ್ಕೇನಪ್ಪಾ ಕಾಯಿಲೆ?"

"ಕಾಯಿಲೆ ಏನೂ ಇಲ್ಲ ಅಜ್ಜಿ. ಸಾಧಾರಣ ಅಂತ."

"ಪಾಪ," ಎಂದಳು ಅಜ್ಜಿ. "ಎಷ್ಟು ದಿನದಿಂದ?"

ಕ್ಯಾಂಟೀನಿಗೆ ಹೋದರೆ ಅಲ್ಲಿ ಸುದ್ದಿ ಆಗಲೇ ಚಹಾಕ್ಕಿಂತ ಬಿಸಿಯಾಗಿತ್ತು. ಕ್ಯಾಂಟೀನಿನವರು ಲೋಟ ತೊಳೆಯುತ್ತಲೇ ತಮ್ಮ ಅಭಿಪ್ರಾಯ ಕೊಟ್ಟರು. "ನಮ್ಮ ಕಾಲದಲ್ಲಿ ಸ್ಕೂಲಲ್ಲಿ ಉತ್ತಮ, ಮಧ್ಯಮ, ಸಾಧಾರಣ ಅಂತ ಬರೀತಿದ್ರು. ಸಾಧಾರಣ ಅಂದ್ರೆ ನೂರಕ್ಕೆ ಮೂವತ್ತೈದು. ಪಾಸು ಅನ್ನಿ. ಆದ್ರೆ ಮನೇಲಿ ತೋರಿಸೋ ಹಾಗಿಲ್ಲ."

ಅಲ್ಲೇ ಬಿಸ್ಕತ್ತು ಅದ್ದುತ್ತಿದ್ದ ಉಗ್ರಾಣಿ ರಾಯರ ಹೆಗಲ ಮೇಲೆ ಕೈ ಇಟ್ಟರು. ಸಹಾನುಭೂತಿ ತೋರಿಸುವಾಗ ಅವರ ದನಿಗೆ ಬೆಣ್ಣೆ ಹಚ್ಚಿದಂತಾಗುತ್ತಿತ್ತು. "ಬೇಜಾರು ಮಾಡ್ಕೋಬೇಡಿ ರಾಯರೇ. ಉಳಿದ ಮೂರು ಮೆದುಳಿಗಾದ್ರೂ ಹೇಳ್ಕೊಳ್ಳೋಕೆ ಏನೋ ಒಂದಿದೆ. ನಿಮಗೆ ಅದೂ ಇಲ್ಲ ನೋಡಿ. ನಾನು ಅವತ್ತೇ ಸಹಜ ಅಂತ ಹಾಕಿ ಅಂದೆ, ನೀವೇ ಕೇಳಲಿಲ್ಲ." ಒಂದು ಗುಟುಕು ಚಹಾ ಕುಡಿದು ಮತ್ತೆ ಹೇಳಿದರು, "ತಜ್ಞರು ಮೂರು ಗಂಟೆಗೆ ಅದೇ ಪಡಸಾಲೆಗೆ ಬರ್ತಾರಂತೆ. ಸಂದರ್ಶನಕ್ಕೆ ಮುಂಚೆ ನಿಮ್ಮ ಮೆದುಳು ನೋಡ್ಕೊಂಡೇ ಹೋಗ್ತಾರೆ. ಒಂಥರಾ ಒಳ್ಳೇದೇ ಬಿಡಿ, ಆಮೇಲೆ ಪ್ರಶ್ನೆ ಕೇಳೋ ಶ್ರಮ ತಪ್ಪುತ್ತೆ."

ಬಿಸ್ಕತ್ತು ಮುಗಿಸಿದ ಉಗ್ರಾಣಿ ರಾಯರ ತಲೆಯೊಳಗೆ ಒಂದು ಹುಳ ಬಿಟ್ಟು ಹೋದರು. ಇರಲಾರದೆ ಇರುವೆ ಬಿಟ್ಟುಕೊಂಡ ಅಂತಾರಲ್ಲ, ಹಾಗಾಯಿತು ರಾಯರ ಪಾಡು. ನೆಲಮಾಳಿಗೆಗೆ ಇಳಿದು ಕೂತರೂ ಅದೇ ಯೋಚನೆ. ಸ್ಕ್ಯಾನ್ ವಿಭಾಗದಿಂದ ಬಂದ ತಿಂಗಳ ಕಡತಗಳ ಡಬ್ಬಿ ಎರಡು ದಿನದಿಂದ ಮೇಜಿನ ಮೇಲೆ ಬಿಚ್ಚದೆ ಬಿದ್ದಿತ್ತು. ಅದನ್ನು ಬಿಚ್ಚುವ ಮನಸ್ಸೂ ಅವರಿಗಾಗಲಿಲ್ಲ.

ಒಂದೂವರೆಗೆ ಹೆಂಡತಿ ಬಂದಳು. ರಾಯರು ಮನೆಯಲ್ಲಿ ಮರೆತು ಬಂದ ಬುತ್ತಿ ಕೊಡುವುದು ನೆಪ, ಗಂಡನ ಮೆದುಳು ನೋಡುವುದು ಉದ್ದೇಶ. ಪೆಟ್ಟಿಗೆಯ ಮುಂದೆ ಸೆರಗು ಸರಿಮಾಡಿಕೊಂಡು ಬಹಳ ಹೊತ್ತು ನಿಂತಳು.

"ಇಪ್ಪತ್ತು ವರ್ಷದಿಂದ ಇದೇ ಮಾತು ನಾನು ಹೇಳಿದ್ರೆ ನಿಮಗೆ ಕೋಪ ಬರ್ತಿತ್ತು," ಎಂದಳು ಕೊನೆಗೆ. "ಈಗ ಆಸ್ಪತ್ರೆಯೋರೇ ದೀಪ ಹಾಕಿ ತೋರಿಸ್ತಿದಾರೆ. ನಮ್ಮಣ್ಣ ನೋಡಿದ್ರೆ ಏನನ್ಕೋತಾನೆ ಅಂತ ಯೋಚನೆ ಮಾಡಿದೀರಾ?"

ಭಾವಮೈದುನನ ಹೆಸರು ಬಂದ ಮೇಲೆ ರಾಯರು ಕೂರಲಿಲ್ಲ. ನೇರ ಸ್ಕ್ಯಾನ್ ಕೋಣೆಗೆ ಹೋಗಿ, ಯಂತ್ರದ ಮುಂದೆ ಕೂತಿದ್ದಾತನನ್ನು ಕೇಳಿದರು, "ಉತ್ತಮ ಮೆದುಳು ಅಂತ ಹಾಕಬಹುದಲ್ವಾ? ನೋಡೋಕೆ ಚೆನ್ನಾಗೇ ಇದೆಯಲ್ಲ."

ಸ್ಕ್ಯಾನ್ ಮಾಡುವಾತ ಯಾಕೋ ಅವರ ಕಣ್ಣು ತಪ್ಪಿಸಿದ. "ನಾವು ಮೆದುಳಿಗೆ ಮಾರ್ಕ್ಸ್ ಕೊಡಲ್ಲ ರಾಯರೇ. ಇಲ್ಲಿಗೆ ಬರೋರೆಲ್ಲ ದೇವರೇ ಸಾಧಾರಣ ಅಂತ ಬರಲಪ್ಪಾ ಅಂತ ಕೈ ಮುಗಿದುಕೊಂಡು ಬರ್ತಾರೆ. ಇದಕ್ಕಿಂತ ದೊಡ್ಡ ಹೊಗಳಿಕೆ ನಮ್ಮಲ್ಲಿಲ್ಲ. ಅದನ್ನ ಹಾಗೇ ಬಿಟ್ಟುಬಿಡಿ, ನಿಮ್ಮ ಕೈ ಮುಗೀತೀನಿ."

ಅದು ಒಳ್ಳೆಯ ಸಲಹೆಯಾಗಿತ್ತು. ಆದರೆ ಒಳ್ಳೆಯ ಸಲಹೆ ಯಾವತ್ತೂ ಅರ್ಜೆಂಟಿನಲ್ಲಿರುವವನಿಗೇ ಸಿಗುವುದು, ಆದ್ದರಿಂದ ಲೋಕದಲ್ಲಿ ಅದು ಬಹಳ ಕಡಿಮೆ ಖರ್ಚಾಗುತ್ತದೆ. ಸೂಪರಿಂಟೆಂಡೆಂಟರ ಹತ್ತಿರ ಹೋಗಲು ರಾಯರಿಗೆ ಮುಖವಿರಲಿಲ್ಲ. ಪದ ಯಾರದು ಎಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಉಳಿದವನು ಬೋರ್ಡು ಬರೆಯುವ ಪೇಂಟರು. ಅವನು ಪಡಸಾಲೆಯ ಇನ್ನೊಂದು ತುದಿಯಲ್ಲಿ ಏಣಿ ಹತ್ತಿ ಶೌಚಾಲಯಕ್ಕೆ ದಾರಿ ತೋರಿಸುವ ಬಾಣ ಬರೆಯುತ್ತಿದ್ದ. ಗಂಟೆ ಎರಡೂಕಾಲು.

"ಅಳಿಸಿ ಬೇರೆ ಬರೆಯೋಕಾಗಲ್ಲ," ಎಂದ ಪೇಂಟರು ಏಣಿಯಿಂದಲೇ. "ಬಿಳಿ ಹೊಡೀಬೇಕು, ಅದು ಒಣಗಬೇಕು, ನಾಳೆ ಬರೀಬೇಕು."

"ಮೂರು ಗಂಟೆಯೊಳಗೆ ಏನಾದ್ರೂ ಮಾಡಪ್ಪಾ. ನನ್ನ ಜೀವನದ ಪ್ರಶ್ನೆ."

ಪೇಂಟರು ಕೆಳಗಿಳಿದು ಬಂದು, ಹಲಗೆಯ ಎಡತುದಿಗೆ ಹೆಬ್ಬೆರಳಿಟ್ಟು ಅಳೆದ. "ಮುಂದುಗಡೆ ಒಂದಕ್ಷರಕ್ಕೆ ಜಾಗ ಇದೆ. ಒಂದು 'ಅ' ಬೇಕಿದ್ರೆ ಸೇರಿಸ್ತೀನಿ."

ರಾಯರು ಮನಸ್ಸಿನಲ್ಲೇ ಓದಿಕೊಂಡರು. ಅಸಾಧಾರಣ ಮೆದುಳು. ಮೈ ಜುಮ್ಮೆಂದಿತು. ಮನುಷ್ಯನ ಮರ್ಯಾದೆ ಒಂದಕ್ಷರದ ಅಂತರದಲ್ಲಿತ್ತು, ಯಾರಿಗೂ ಹೊಳೆದಿರಲಿಲ್ಲ.

"ಸ್ವಲ್ಪ ಯೋಚನೆ ಮಾಡಿ," ಎಂದ ಪೇಂಟರು ಕುಂಚ ಅದ್ದುತ್ತ. "'ಅ' ಬಹಳ ತುಂಟ ಅಕ್ಷರ. ಒಂದು ಸ್ಕೂಲಿನ ಗೋಡೆ ಮೇಲೆ 'ಶಿಸ್ತಿನ ಶಾಲೆ' ಅಂತ ಬರೆದಿದ್ದೆ. ಯಾರೋ ಮುಂದೆ ಒಂದು 'ಅ' ಹಾಕಿದ್ರು. ಹೆಡ್‌ಮಾಸ್ತರಿಗೆ ವರ್ಗ ಆಯ್ತು."

"ನೀನು ಬರಿ," ಎಂದರು ರಾಯರು.

ತಜ್ಞರು ಮೂರಕ್ಕೆ ಹತ್ತು ನಿಮಿಷ ಇರುವಾಗಲೇ ಬಂದರು. 'ಅ' ಇನ್ನೂ ಹಸಿಯಾಗಿತ್ತು. ಮುಂದೆ ತಜ್ಞರು, ಅರ್ಧ ಹೆಜ್ಜೆ ಹಿಂದೆ ಸೂಪರಿಂಟೆಂಡೆಂಟರು, ಅವರ ಹಿಂದೆ ಕೈಯಲ್ಲಿ ಪುಸ್ತಕ ಹಿಡಿದ ಮೂವರು ಕಿರಿಯ ಡಾಕ್ಟರುಗಳು. ರಾಯರು ಕಂಬದ ಮರೆಯಲ್ಲಿ ನಿಂತು, ಕರೆದ ತಕ್ಷಣ ಕಾಣಿಸಿಕೊಳ್ಳಲು ಸಿದ್ಧರಾಗಿದ್ದರು. ಹೆಂಡತಿಯೂ ಮನೆಗೆ ಹೋಗದೆ ಅಜ್ಜಿಯ ಪಕ್ಕದಲ್ಲಿ ಕೂತಿದ್ದಳು.

ತಜ್ಞರು ಮೊದಲ ಮೂರು ಪೆಟ್ಟಿಗೆಗಳನ್ನು ನಡೆಯುತ್ತಲೇ ನೋಡಿದರು. ನಾಲ್ಕನೆಯದರ ಮುಂದೆ ನಿಂತರು. "ಅಸಾಧಾರಣ," ಎಂದು ಓದಿದರು.

"ಸಾರ್, ಅದು ನಿಜವಾಗಿ ಏನಂದ್ರೆ..." ಎಂದು ಸೂಪರಿಂಟೆಂಡೆಂಟರು ಗಾಬರಿಯಿಂದ ಬಾಯಿ ತೆರೆದರು.

"ಮಾತಾಡಬೇಡಿ, ನೋಡೋಕೆ ಬಿಡಿ." ತಜ್ಞರು ಕನ್ನಡಕ ಹಣೆಗೇರಿಸಿ ಗಾಜಿಗೆ ಮೂಗು ತಾಗುವಷ್ಟು ಹತ್ತಿರ ಹೋದರು. ಎರಡು ನಿಮಿಷ ಹಾಗೇ ನೋಡಿದರು. "ಹೌದು," ಎಂದರು ಆಮೇಲೆ. "ಅಸಾಧಾರಣವೇ. ಯಾರಿಗೆ ಕಾಣ್ತಿದೆ?"

ಮೂವರು ಕಿರಿಯರೂ ಮುಂದೆ ಬಾಗಿದರು. ಮೊದಲನೆಯವನಿಗೆ ತಕ್ಷಣ ಕಂಡಿತು. ಎರಡನೆಯವನಿಗೆ ಮೊದಲನೆಯವನಿಗೆ ಕಂಡದ್ದು ಕಂಡಿತು. ಮೂರನೆಯವಳು ಮಾತ್ರ ಪ್ರಾಮಾಣಿಕವಾಗಿ ಬಹಳ ಹುಡುಕಿದಳು. ಕೊನೆಗೆ ಕೆಲಸ ಉಳಿಸಿಕೊಳ್ಳಬೇಕಾದ್ದರಿಂದ ಅವಳಿಗೂ ಕಂಡಿತು.

"ಹಣೆಯ ಹಿಂದಿರೋ ಈ ಭಾಗ ನೋಡಿ," ಎಂದು ತಜ್ಞರು ಪೆನ್ನಿನಿಂದ ತೋರಿಸಿದರು. "ವಿವೇಕ, ವಿನಯ, ಎದುರಿಗಿರೋರ ಮಾತು ಕೇಳೋ ತಾಳ್ಮೆ, ಎಲ್ಲ ಇರೋದು ಇಲ್ಲಿ. ಇದು ಒಣದ್ರಾಕ್ಷಿ ಥರ ಕುಗ್ಗಿದೆ. ಇಂಥವರಿಗೆ ತಾನು ಹೇಳಿದ್ದೇ ಸರಿ. ಬೇರೆಯವರ ಮಾತು ಮುಗಿಯೋಕೇ..."

"ಸಾರ್, ಆ ಬೋರ್ಡು..." ಎಂದರು ಸೂಪರಿಂಟೆಂಡೆಂಟರು.

"ನಾನು ಮಾತಾಡ್ತಿದೀನಿ. ಬೇರೆಯವರ ಮಾತು ಮುಗಿಯೋಕೇ ಬಿಡಲ್ಲ. ಬರ್ಕೊಳ್ಳಿ. ಇದರಲ್ಲಿ ದೊಡ್ಡ ಕಷ್ಟ ಏನಂದ್ರೆ, ಕಾಯಿಲೆ ಇದೆ ಅಂತ ಸುತ್ತ ಇರೋರಿಗೆಲ್ಲ ಗೊತ್ತಿರುತ್ತೆ, ರೋಗಿಗೆ ಮಾತ್ರ ಗೊತ್ತಿರಲ್ಲ. ಯಾರದಿದು?"

ದೂರದಲ್ಲಿದ್ದ ರಾಯರಿಗೆ 'ಅಸಾಧಾರಣ' ಎಂಬುದೂ 'ಯಾರದಿದು' ಎಂಬುದೂ ಮಾತ್ರ ಸರಿಯಾಗಿ ಕೇಳಿಸಿತ್ತು. ಅವರು ಅಂಗಿ ಎಳೆದುಕೊಂಡು, ಮದುಮಗನ ನಗೆ ನಗುತ್ತ ಕಂಬದ ಮರೆಯಿಂದ ಬಂದರು. "ನನ್ನದೇ ಸಾರ್."

ತಜ್ಞರು ಒಂದು ಹೆಜ್ಜೆ ಹಿಂದೆ ಸರಿದರು. "ನಡೀತಿದಾರೆ," ಎಂದರು ಕಿರಿಯರಿಗೆ. "ಬರ್ಕೊಳ್ಳಿ." ಆಮೇಲೆ ರಾಯರಿಗೆ ಮಗುವಿಗೆ ಹೇಳುವ ಹಾಗೆ ಹೇಳಿದರು, "ಹೆದರ್ಕೋಬೇಡಿ. ನೂರರಿಂದ ಏಳೇಳು ಕಳೀತಾ ಹೋಗಿ ನೋಡೋಣ."

ಸಂದರ್ಶನ ಇಲ್ಲೇ ಶುರುವಾಯಿತೆಂದು ರಾಯರು ತಿಳಿದರು. ಇಪ್ಪತ್ತೆರಡು ವರ್ಷ ಸಂಖ್ಯೆಗಳ ಜೊತೆಗೇ ಬದುಕಿದವರು. ತೊಂಬತ್ತಮೂರು, ಎಂಬತ್ತಾರು ಎಂದು ಹಿಡಿದು ಒಂದೇ ಉಸಿರಿಗೆ ಎರಡಕ್ಕೆ ಬಂದು ನಿಂತರು.

"ಅಸ್ವಾಭಾವಿಕ ವೇಗ. ಬರ್ಕೊಳ್ಳಿ. ಇವರ ಮನೆಯವರು ಯಾರಾದ್ರೂ ಇದಾರಾ?" ಹೆಂಡತಿ ಎದ್ದು ಬಂದಳು. "ಇವರಲ್ಲಿ ಈಚೆಗೆ ಏನಾದ್ರೂ ಬದಲಾವಣೆ ಕಂಡಿದೀರಾ ಅಮ್ಮಾ?"

"ಈಚೆಗೇನಿಲ್ಲ," ಎಂದಳು ಅವಳು. "ಮದುವೆ ಆದಾಗಿಂದ ಹೀಗೇ ಇದಾರೆ."

"ಬಹಳ ಹಳೇ ಕಾಯಿಲೆ. ಬರ್ಕೊಳ್ಳಿ. ತಕ್ಷಣ ಮಲಗಿಸಿ ಇವರನ್ನ."

ಅಷ್ಟರಲ್ಲಿ ಗಾಲಿಕುರ್ಚಿ ಬಂದೇಬಿಟ್ಟಿತು. ಉಗ್ರಾಣಿ ಎಲ್ಲಿಂದಲೋ ಪ್ರತ್ಯಕ್ಷರಾಗಿ, ತಮ್ಮ ಉಗ್ರಾಣದ್ದೇ ಹೊಸ ಹೊದಿಕೆಯೊಂದನ್ನು ರಾಯರಿಗೆ ಹೊದಿಸಿದರು. ಹದಿನೈದು ನಿಮಿಷದಲ್ಲಿ ರಾಯರು ಬೆನ್ನ ಹಿಂದೆ ದಾರ ಕಟ್ಟುವ ರೋಗಿಗಳ ನಿಲುವಂಗಿಯಲ್ಲಿ, ಹನ್ನೊಂದನೇ ನಂಬರಿನ ಹಾಸಿಗೆಯ ಮೇಲೆ ಇದ್ದರು. ದಾರಗಳಲ್ಲಿ ಒಂದು ಇರಲಿಲ್ಲ.

"ಸಾರ್, ನನಗೇನೂ ಆಗಿಲ್ಲ," ಎಂದು ಬೇಡಿಕೊಂಡರು. "ನಾಲ್ಕು ಗಂಟೆಗೆ ಸಂದರ್ಶನ ಇದೆ. ನೀವೇ ಮಾಡಬೇಕು ಅದನ್ನ. ಆ 'ಅ' ಅನ್ನೋದು ನಾನೇ ಹಾಕಿಸಿದ್ದು ಸಾರ್."

ತಜ್ಞರು ಕನಿಕರದಿಂದ ತಲೆ ಆಡಿಸಿದರು. "ನೋಡಿದ್ರಾ, ನನಗೇನೂ ಆಗಿಲ್ಲ ಅಂತಾರೆ. ಹೇಳಿದ್ದೆನಲ್ಲ. ಜೊತೆಗೆ ವರ್ಣಮಾಲೆಯ ಮೊದಲನೇ ಅಕ್ಷರ ತಾನೇ ಮಾಡಿಸಿದ್ದು ಅನ್ನೋ ಭ್ರಮೆ. ಬರ್ಕೊಳ್ಳಿ."

ಸಂದರ್ಶನ ನಾಲ್ಕಕ್ಕೆ ಶುರುವಾಗಿ ನಾಲ್ಕೂ ಹತ್ತಕ್ಕೆ ಮುಗಿಯಿತು. ಒಬ್ಬನೇ ಓಡುವ ಪಂದ್ಯದಲ್ಲಿ ಉಗ್ರಾಣಿ ಮೊದಲು ಬಂದರು. ನಾಲ್ಕೂವರೆಗೆ ಬಿಸ್ಕತ್ತಿನ ಪೊಟ್ಟಣ ಹಿಡಿದು ಹನ್ನೊಂದನೇ ಹಾಸಿಗೆಗೆ ಬಂದು ಕುಶಲ ಕೇಳಿದರು.

"ಕೋಣೆ ಪರವಾಗಿಲ್ಲ ರಾಯರೇ. ಆ ಕಿಟಕಿ ಒಂದು ತೊಂದರೆ. ಗಾಳಿಗೆ ಕಾಗದ ಹಾರುತ್ತೆ. ಅದಕ್ಕೇ ಅಡ್ಡಲಾಗಿ ದೊಡ್ಡ ಬೀರು ಇಡಿಸ್ತಾ ಇದೀನಿ. ನೀವು ಇದೆಲ್ಲ ಮನಸ್ಸಿಗೆ ಹಚ್ಕೋಬೇಡಿ, ಮೊದಲೇ ಮೆದುಳು ಸರಿ ಇಲ್ಲ."

ರಾಯರು ಗೋಡೆಯ ಕಡೆ ತಿರುಗಿ ಮಲಗಿದರು. ಹುದ್ದೆ ಹೋದದ್ದಕ್ಕಿಂತ ಆ ಮರದ ಮುಂದೆ ಬೀರು ಬರುತ್ತದಲ್ಲ ಎಂಬುದಕ್ಕೆ ಅವರಿಗೆ ಅಳು ಬಂತು. ಹೆಂಡತಿ ನಿಲುವಂಗಿಯ ಹಿಂಭಾಗಕ್ಕೆ ತನ್ನ ಪಿನ್ನು ತೆಗೆದು ಹಾಕಿದಳು.

ಐದಕ್ಕೆ ಮತ್ತೊಂದು ಗದ್ದಲ. ಈ ಅಪರೂಪದ ರೋಗದ ಬಗ್ಗೆ ಸಮ್ಮೇಳನವೊಂದರಲ್ಲಿ ಭಾಷಣ ಮಾಡಲು ತಜ್ಞರು ತೀರ್ಮಾನಿಸಿದ್ದರು. ಅದಕ್ಕೆ ಒಂದನೇ ನಂಬರಿನ ಫಿಲ್ಮಿನ ಕಡತ ಬೇಕು. ನರ್ಸೊಬ್ಬಳು ದಾಖಲೆ ಕೋಣೆಗೆ ಹೋಗಿ ತಲೆ ತುಂಬ ಧೂಳು ಹೊತ್ತು ಬರಿಗೈಲಿ ಬಂದಳು. ಹೊಸ ಮುಖ್ಯ ದಾಖಲಾಧಿಕಾರಿಗಳಾದ ಉಗ್ರಾಣಿ ಹೋದರು, ದಾರಿ ತಪ್ಪಿ ಹೆರಿಗೆಯ ಕಪಾಟುಗಳ ನಡುವೆ ಸಿಕ್ಕಿಕೊಂಡರು. ಆ ಕೋಣೆಯಲ್ಲಿ ಕಡತ ಹುಡುಕಬಲ್ಲ ಮನುಷ್ಯ ಇಡೀ ಆಸ್ಪತ್ರೆಯಲ್ಲಿ ಒಬ್ಬನೇ, ಅವನು ಮೆದುಳು ಕೆಟ್ಟು ಹನ್ನೊಂದನೇ ಹಾಸಿಗೆಯಲ್ಲಿದ್ದ. ಕೊನೆಗೆ ರೋಗಿಯನ್ನೇ ಎಬ್ಬಿಸಿ, ನಿಮ್ಮ ಕಡತ ನೀವೇ ಹುಡುಕಿ ಕೊಡಿ ಎಂದು ಕಳಿಸಿದರು.

ರಾಯರು ಪಿನ್ನನ್ನು ನಂಬದೆ ಒಂದು ಕೈಯಿಂದ ನಿಲುವಂಗಿಯ ಹಿಂಭಾಗ ಹಿಡಿದುಕೊಂಡು ಮೆಟ್ಟಿಲಿಳಿದರು. ಮೇಜಿನ ಮೇಲಿದ್ದ ಸ್ಕ್ಯಾನ್ ಡಬ್ಬಿಯ ದಾರ ಬಿಚ್ಚಿ ಒಂದನೇ ನಂಬರಿನ ಕಡತ ತೆಗೆದರು. ಹೆಸರು ಓದಿದರು. ಕನ್ನಡಕ ಒರೆಸಿ ಮತ್ತೆ ಓದಿದರು. ಯಂತ್ರದ ಉದ್ಘಾಟನೆಯ ದಿನ, ಜನರ ಭಯ ಹೋಗಲಿ ಎಂದು, ಪತ್ರಿಕೆಯವರ ಮುಂದೆ ತಾವೇ ಮೊದಲು ಮಲಗಿ ಎದ್ದಿದ್ದ ಹಿರಿಯ ತಜ್ಞರ ಹೆಸರು ಅಲ್ಲಿತ್ತು.

ರಾಯರದು ಹದಿನಾಲ್ಕನೇ ನಂಬರು. ಒಳಗಿನ ಫಿಲ್ಮಿನಲ್ಲಿ ಮೆದುಳಿರಲಿಲ್ಲ. ನೀರು ಬಿದ್ದು ಹರಡಿದ ಶಾಯಿಯಂಥ ಏನೋ ಒಂದಿತ್ತು. ಕೆಳಗೆ 'ರೋಗಿ ಅಲುಗಾಡಿದ್ದಾರೆ, ಪ್ರಯೋಜನವಿಲ್ಲ' ಎಂದು ಸ್ಕ್ಯಾನ್ ಮಾಡುವಾತನ ಕೈಬರಹ.

ಆತನನ್ನು ಹಿಡಿದು ಕೇಳಿದಾಗ ಎಲ್ಲ ಕಕ್ಕಿದ. "ಮಲಗಿ ಐದು ನಿಮಿಷಕ್ಕೇ ಗೊರಕೆ ಶುರು ಮಾಡಿದ್ರಿ ರಾಯರೇ. ಒಂದೊಂದು ಗೊರಕೆಗೂ ತಲೆ ಜಿಗೀತಿತ್ತು. ಮಾರನೇ ದಿನಕ್ಕೆ ಫಿಲ್ಮ್ ಬೇಕು ಅಂತ ಮೇಲಿನವರು ತಲೆ ತಿಂತಿದ್ರು. ಕಾಯಿಲೆ ಇಲ್ದೆ ಆ ಯಂತ್ರದಲ್ಲಿ ಮಲಗಿದವರು ಇಬ್ಬರೇ, ನೀವು ಮತ್ತೆ ಅವರು. ಮೆದುಳಿನ ಮೇಲೆ ಮುಖ ಇರಲ್ಲವಲ್ಲ, ಯಾರಿಗೆ ಗೊತ್ತಾಗುತ್ತೆ ಅಂತ ಅವರದ್ದೇ ಹಾಕಿದೆ. ಬೋರ್ಡಿನ ತಂಟೆಗೆ ಹೋಗ್ಬೇಡಿ ಅಂತ ಕೈ ಮುಗಿದೆನಲ್ಲ."

ರಾಯರು ಎರಡೂ ಕಡತ ಎದೆಗವುಚಿಕೊಂಡು ಮೇಲೆ ಹತ್ತಿದರು. ಬೆಳಗಿನಿಂದ ಮೊದಲ ಸಲ ಅವರ ಕಾಲಿಗೆ ಬಲ ಬಂದಿತ್ತು. ಸತ್ಯ ಕೈಯಲ್ಲಿದೆ, ಸಂದರ್ಶನ ಮತ್ತೆ ನಡೆಯಲೇಬೇಕು, ಬೀರು ಇನ್ನೂ ಕಿಟಕಿಗೆ ಅಡ್ಡ ಬಂದಿ‌ರಲಿಕ್ಕಿಲ್ಲ. ಪಡಸಾಲೆಯಲ್ಲಿ ಎಲ್ಲರೂ ನಾಲ್ಕನೇ ಪೆಟ್ಟಿಗೆಯ ಮುಂದೆಯೇ ನಿಂತಿದ್ದರು. ರಾಯರು ಕಡತ ತೆರೆದು ಹಿಡಿದು ಹೇಳಿದರು, "ಸಾರ್, ಒಂದನೇ ನಂಬರು ಇದು. ಇದು ನನ್ನ ಮೆದುಳಲ್ಲ. ತಮ್ಮದು."

ತಜ್ಞರು ಅವರ ಮಾತನ್ನು ಮುಗಿಯುವ ತನಕ ಕೇಳಿಸಿಕೊಂಡರು. ಆಸ್ಪತ್ರೆಯ ಚರಿತ್ರೆಯಲ್ಲಿ ಅದೇ ಮೊದಲು. ಕಡತ ಓದಿದರು. ಫಿಲ್ಮ್ ನೋಡಿದರು. ಕೈ ತಾನಾಗಿ ಹಣೆಗೆ ಹೋಯಿತು, ಯಾರೂ ನೋಡಬಾರದೆಂದು ಅದನ್ನು ಮತ್ತೆ ಕೆಳಗಿಳಿಸಿದರು.

"ಸಾರ್," ಎಂದ ಮೊದಲನೇ ಕಿರಿಯ ಡಾಕ್ಟರು ಮೆಲ್ಲಗೆ, "ಈಗ ನೋಡಿದ್ರೆ ಹಣೆ ಹಿಂದಿನ ಭಾಗ ತುಂಬ್ಕೊಂಡೇ ಇದೆ."

"ಮಧ್ಯಾಹ್ನ ಬೆಳಕು ಸರಿ ಇರಲಿಲ್ಲ," ಎಂದ ಎರಡನೆಯವನು.

ಮೂರನೆಯವಳು ಪುಸ್ತಕದಿಂದ ಒಂದು ಹಾಳೆ ಹರಿದು ಸದ್ದಾಗದಂತೆ ಮಡಿಚಿಟ್ಟುಕೊಂಡಳು.

ಸೂಪರಿಂಟೆಂಡೆಂಟರಿಗೆ ಕೊನೆಗೂ ಒಂದು ವಾಕ್ಯ ಮುಗಿಸುವ ಅವಕಾಶ ಸಿಕ್ಕಿತು. "ಬೋರ್ಡಿನದೇ ತಪ್ಪು ಸಾರ್. ಆ 'ಅ' ಅಳಿಸಿಬಿಡ್ತೀವಿ. ತಮ್ಮದು ಸಾಧಾರಣ ಮೆದುಳು ಅಂತಲೇ ಹಾಕ್ತೀವಿ."

"ಸಾಧಾರಣ?" ಎಂದರು ತಜ್ಞರು.

ತಜ್ಞರು ಹಲಗೆಯನ್ನು ಮತ್ತೊಮ್ಮೆ ಓದಿದರು. ಅವರ ಮುಖ ನಿಧಾನವಾಗಿ ಅರಳಿತು. "ಬೋರ್ಡು ಸರಿಯಾಗೇ ಇದೆ," ಎಂದರು. "ಯಾರು ಬರೆದರೋ, ತಿಳಿದವರು. ಕೆಳಗಿನ ಹೆಸರು ಮಾತ್ರ ಬದಲಾಯಿಸಿ."

"ಹಾಗಿದ್ರೆ ಸಾರ್, ನನ್ನ ಸಂದರ್ಶನ?" ಎಂದರು ರಾಯರು.

"ಹುದ್ದೆ ತುಂಬಿ ಆಯ್ತಲ್ಲ. ನಿಮ್ಮ ಫಿಲ್ಮ್ ಕೊಡಿ." ತಜ್ಞರು ಹದಿನಾಲ್ಕನೇ ನಂಬರನ್ನು ದೀಪಕ್ಕೆ ಹಿಡಿದು, ಉದ್ದುದ್ದ, ಅಡ್ಡಡ್ಡ ತಿರುಗಿಸಿದರು. "ಇದರಲ್ಲಿ ಮೆದುಳಿದೆ ಅಂತಲೂ ಹೇಳೋಕಾಗಲ್ಲ, ಇಲ್ಲ ಅಂತಲೂ ಹೇಳೋಕಾಗಲ್ಲ. ಆದ್ರೆ ಎಸೀಬೇಡಿ. ಜನರ ತಿಳಿವಳಿಕೆಗೆ ಬಹಳ ಉಪಯೋಗಕ್ಕೆ ಬರುತ್ತೆ."

ಪೇಂಟರು ಅಲ್ಲೇ ಇದ್ದ. ಗೋಡೆಯಲ್ಲಿ ಇನ್ನೊಂದು ಪೆಟ್ಟಿಗೆಗೆ ಜಾಗವೂ ಇತ್ತು. ಸಂಜೆ ಆರರ ಹೊತ್ತಿಗೆ ರಾಯರು ತಮ್ಮ ಸ್ವಂತ ಅಂಗಿ ತೊಟ್ಟು ಮೇಜಿಗೆ ಬೀಗ ಹಾಕಲು ಹೊರಟಾಗ ಐದನೇ ಪೆಟ್ಟಿಗೆಯೂ ಬೆಳಗುತ್ತಿತ್ತು. ಒಳಗೆ ಕಲಸಿಹೋದ ಬೂದು ಮೋಡ. ಕೆಳಗೆ ದಪ್ಪಕ್ಷರದಲ್ಲಿ 'ಅಲುಗಾಡಿದರೆ ಹೀಗಾಗುತ್ತದೆ'. ಅದರಡಿ ಸಣ್ಣಕ್ಷರದಲ್ಲಿ 'ನೆರವು: ದಾಖಲೆ ಕೋಣೆ'.

ಹೆಂಡತಿ ಅದನ್ನು ಎರಡು ಸಲ ಓದಿ, "ಸಾಧಾರಣವೇ ವಾಸಿಯಿತ್ತು," ಎಂದಳು.

ಬೆಳಗಿನಿಂದ ಚೀಟಿ ಹಿಡಿದು ಕಾಯುತ್ತಿದ್ದ ಅಜ್ಜಿ ಬೆಂಚಿನಿಂದ ಎದ್ದು ಬಂದು ಹೊಸ ಪೆಟ್ಟಿಗೆಯೊಳಗೆ ಇಣುಕಿದಳು. "ಇದಕ್ಕೇನಪ್ಪಾ ಆಗಿದೆ?"

"ಅಲುಗಾಡಿದರಂತೆ ಅಜ್ಜಿ," ಎಂದರು ರಾಯರು.

"ಅಯ್ಯೋ ಪಾಪ. ಸುಮ್ಮನೆ ಒಂದು ಕಡೆ ಕೂತಿರಬಾರದಾಗಿತ್ತಾ?"

"ಇಪ್ಪತ್ತೆರಡು ವರ್ಷ ಕೂತಿದ್ದೆ," ಎಂದು ಕಡತರಾಯರು ಬೀಗದ ಕೈ ಹಿಡಿದು ನೆಲಮಾಳಿಗೆಯ ಮೆಟ್ಟಿಲು ಇಳಿದು ಹೋದರು.